ಜ್ವಾಲಾಮುಖಿಯ ಪಾಠ ಎಲ್ಲ ಮಕ್ಕಳಿಗೂ



ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಹಳ್ಳಿಗಳಲ್ಲಿ ವಿಕಲಚೇತನ ಮಕ್ಕಳ ಮನೆಗಳಿಗೆ ಹೋದಾಗ ನಾವು ಮತ್ತೆ ಮತ್ತೆ ಕೇಳುವ ಮಾತು ಒಂದಿದೆ. "ಅವನಿಗೆ ಅಕ್ಷರ ಬಂದರೆ ಸಾಕು ಅಕ್ಕೋರೆ, ವಿಜ್ಞಾನ ಎಲ್ಲ ಎಂತಕ್ಕೆ?" ಈ ಮಾತು ಪ್ರೀತಿಯಿಂದಲೇ ಬರುತ್ತದೆ. ಮಗುವಿಗೆ ಕಷ್ಟ ಕೊಡಬಾರದು ಎಂಬ ಕಾಳಜಿ ಅದರಲ್ಲಿದೆ. ಆದರೆ ಇದರ ಫಲ ಏನು? ತರಗತಿಯಲ್ಲಿ ಭೂಮಿ, ಆಕಾಶ, ಸಮುದ್ರದ ಪಾಠ ನಡೆಯುವಾಗ ಆ ಮಗು ಹಿಂದಿನ ಬೆಂಚಿನಲ್ಲಿ ಕೂತು ಗೆರೆ ಎಳೆಯುತ್ತಿರುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಪಾಠದಲ್ಲಿ ಪಾಲಿಲ್ಲ.

ಈ ಸಲದ ಅಧ್ಯಯನ ಪಾಠಕ್ಕೆ ನಾವು ಬೇಕೆಂದೇ ಕಷ್ಟದ ವಿಷಯ ಆರಿಸಿದ್ದೇವೆ: ಜ್ವಾಲಾಮುಖಿ. ಇದು ನಮ್ಮ ಜಿಲ್ಲೆಯಲ್ಲಿ ಇಲ್ಲ. ಕಣ್ಣಿದ್ದವರೂ ಇದನ್ನು ಚಿತ್ರದಲ್ಲಿ ಮಾತ್ರ ನೋಡಿದ್ದಾರೆ. ಅಂದಮೇಲೆ ಇದನ್ನು ಮುಟ್ಟಿ, ಕೇಳಿ, ಮಾಡಿ ಕಲಿಸಲು ಸಾಧ್ಯವಾದರೆ ಬೇರೆ ಯಾವ ಪಾಠವನ್ನೂ ಕಲಿಸಬಹುದು ಎಂದು ನಮ್ಮ ನಂಬಿಕೆ.

1. ಇದು ದಯೆಯಲ್ಲ, ಹಕ್ಕು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು 7 ಮಾತ್ರ. ಶೇಕಡಾ 40 ಅಥವಾ ಅದಕ್ಕೂ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಿ ಅಥವಾ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಶಿಕ್ಷಣ ಎಂದರೆ ಶಾಲೆಯೊಳಗೆ ಕೂರಿಸುವುದಷ್ಟೇ ಅಲ್ಲ. ಉಳಿದ ಮಕ್ಕಳು ಕಲಿಯುವುದನ್ನು ಈ ಮಗುವೂ ತನ್ನ ರೀತಿಯಲ್ಲಿ ಕಲಿಯುವಂತೆ ಮಾಡುವುದು. ತಾಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ಇದಕ್ಕಾಗಿಯೇ ವಿಶೇಷ ಸಂಪನ್ಮೂಲ ಶಿಕ್ಷಕರು, ಅಂದರೆ ಬಿ.ಐ.ಇ.ಆರ್.ಟಿ.ಗಳು ಇರುತ್ತಾರೆ. ಪಾಠಕ್ಕೆ ಮೊದಲು ಅವರನ್ನು ಕೇಳಿ, ಅವರ ಸಹಾಯ ಪಡೆಯಿರಿ.

2. ಶಿಕ್ಷಕರು ಮೊದಲು ತಿಳಿದಿರಬೇಕಾದದ್ದು

ಸುಲಭ ಮಾಡಿ ಹೇಳುವುದು ಎಂದರೆ ತಪ್ಪು ಹೇಳುವುದಲ್ಲ. ಆದ್ದರಿಂದ ನಾಲ್ಕು ಸಂಗತಿಗಳನ್ನು ಸ್ಪಷ್ಟ ಮಾಡಿಕೊಳ್ಳೋಣ.

ಒಂದು, ಭೂಮಿಯ ಹೊರಗಿನ ಗಟ್ಟಿ ತೊಗಟೆ ತೆಳ್ಳಗಿದೆ. ನೆಲದ ಭಾಗದಲ್ಲಿ ಸಾಮಾನ್ಯವಾಗಿ 30ರಿಂದ 50 ಕಿ.ಮೀ., ಸಮುದ್ರದ ತಳದಲ್ಲಿ 6-7 ಕಿ.ಮೀ. ಮಾತ್ರ. ಕೇಂದ್ರದವರೆಗಿನ ಆಳ ಸುಮಾರು 6,370 ಕಿ.ಮೀ.

ಎರಡು, ಒಳಗೆಲ್ಲ ಬೆಂಕಿಯ ನೀರು ತುಂಬಿದೆ ಎಂಬುದು ಸರಿಯಲ್ಲ. ತೊಗಟೆಯ ಕೆಳಗಿನ ಪದರ ಹೆಚ್ಚಾಗಿ ಗಟ್ಟಿ ಬಂಡೆಯೇ. ತುಂಬಾ ಬಿಸಿಯಿರುವುದರಿಂದ ಅದು ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ ಅತಿ ನಿಧಾನವಾಗಿ ಹರಿಯುತ್ತದೆ. ಕೆಲವು ಕಡೆ ಮಾತ್ರ ಬಂಡೆ ಕರಗಿ ಶಿಲಾಪಾಕವಾಗುತ್ತದೆ.

ಮೂರು, ಶಿಲಾಪಾಕ ಸುತ್ತಲಿನ ಬಂಡೆಗಿಂತ ಹಗುರ. ಅದಕ್ಕೇ ಮೇಲೇರುತ್ತದೆ. ಅದರೊಳಗೆ ನೀರಾವಿ, ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲಗಳು ಕರಗಿರುತ್ತವೆ. ಮೇಲೆ ಬಂದಂತೆ ಒತ್ತಡ ಕಡಿಮೆಯಾಗಿ ಅನಿಲ ಗುಳ್ಳೆಯಾಗುತ್ತದೆ. ಗುಳ್ಳೆಗಳೇ ಶಿಲಾಪಾಕವನ್ನು ಹೊರಗೆ ತಳ್ಳುತ್ತವೆ. ಹೊರಬಂದ ಮೇಲೆ ಅದಕ್ಕೆ ಲಾವಾ ಎಂಬ ಹೆಸರು. ಅದರ ಬಿಸಿ 700ರಿಂದ 1,200 ಡಿಗ್ರಿ ಸೆಲ್ಸಿಯಸ್.

ನಾಲ್ಕು, ಎಲ್ಲ ಜ್ವಾಲಾಮುಖಿ ಒಂದೇ ತರಹ ಅಲ್ಲ. ಲಾವಾ ತೆಳ್ಳಗಿದ್ದರೆ ಅನಿಲ ಸುಲಭವಾಗಿ ಹೊರಗೆ ಹೋಗುತ್ತದೆ, ಲಾವಾ ಶಾಂತವಾಗಿ ಹರಿಯುತ್ತದೆ. ಹವಾಯಿ ದ್ವೀಪದಲ್ಲಿ ಹೀಗೆ. ಶಿಲಾಪಾಕ ಮಂದವಾಗಿದ್ದರೆ ಅನಿಲ ಸಿಕ್ಕಿಹಾಕಿಕೊಂಡು ಕೊನೆಗೆ ಸ್ಫೋಟವಾಗುತ್ತದೆ. ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಹೀಗೆ ಸಿಡಿದು ಪಾಂಪೇ ನಗರವನ್ನು ಬೂದಿಯಲ್ಲಿ ಮುಚ್ಚಿಹಾಕಿತು.

3. ನಮ್ಮ ಊರಿನಿಂದ ಶುರು ಮಾಡೋಣ

ದೂರದ ಸಂಗತಿಯನ್ನು ಹತ್ತಿರದ ಕಲ್ಲಿನಿಂದ ಶುರು ಮಾಡಿದರೆ ಮಗುವಿಗೆ ಹಿಡಿತ ಸಿಗುತ್ತದೆ.

ಕುಮಟಾ ತಾಲೂಕಿನ ಯಾಣ ಎಲ್ಲರಿಗೂ ಗೊತ್ತು. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರ್ ಎತ್ತರದ ಮೋಹಿನಿ ಶಿಖರ, ಎರಡೂ ಕರಿಕಪ್ಪು. ಭಸ್ಮಾಸುರ ಸುಟ್ಟು ಬೂದಿಯಾದದ್ದು ಇಲ್ಲೇ, ಸುತ್ತಲಿನ ಕಪ್ಪು ಮಣ್ಣು ಅದೇ ಬೂದಿ ಎಂದು ಐತಿಹ್ಯ. ಕಪ್ಪು ಕಲ್ಲು, ಬೂದಿ, ಬೆಂಕಿ ಎಂದೆಲ್ಲ ಕೇಳಿದ ಮಗು "ಹಂಗಾದ್ರೆ ಯಾಣ ಜ್ವಾಲಾಮುಖಿಯಾ?" ಎಂದು ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಉತ್ತರ: ಅಲ್ಲ. ಯಾಣದ ಕಲ್ಲು ಸುಣ್ಣದ ಕಲ್ಲಿನ ಜಾತಿಯದು. ಮಳೆ ನೀರು ಸಾವಿರಾರು ವರ್ಷ ಕೊರೆದು ಅದಕ್ಕೆ ಈ ರೂಪ ಬಂದಿದೆ. ಕಥೆಯನ್ನು ಕಥೆಯಾಗಿ ಗೌರವಿಸೋಣ, ಕಲ್ಲನ್ನು ಕಲ್ಲಾಗಿ ತಿಳಿಯೋಣ.

ನಮ್ಮ ಮನೆಗೋಡೆಯ ಚಿರೆಕಲ್ಲಿನಲ್ಲಿ ತೂತುಗಳಿವೆ. ಅವು ಲಾವಾದ ಗುಳ್ಳೆಗಳಲ್ಲ. ಬಿಸಿಲು ಮತ್ತು ಜೋರು ಮಳೆಗೆ ಹಳೆಯ ಬಂಡೆ ಸವೆದು, ಕರಗುವ ಅಂಶಗಳು ತೊಳೆದುಹೋಗಿ, ಕಬ್ಬಿಣದ ಅಂಶ ಉಳಿದು ಕೆಂಪಾದ ಕಲ್ಲು ಇದು.

ಹಾಗಾದರೆ ನಿಜವಾದ ಲಾವಾದ ಕಲ್ಲು ಎಲ್ಲಿದೆ? ಭಟ್ಕಳದಿಂದ ಸುಮಾರು 90 ಕಿ.ಮೀ. ದಕ್ಷಿಣಕ್ಕೆ ಉಡುಪಿ, ಅದರ ಹತ್ತಿರ ಮಲ್ಪೆ. ಅಲ್ಲಿನ ಸಮುದ್ರದಲ್ಲಿರುವ ಸೈಂಟ್ ಮೇರಿಸ್ ದ್ವೀಪದಲ್ಲಿ ಕಂಬಗಳನ್ನು ಜೋಡಿಸಿಟ್ಟಂತೆ ಕಲ್ಲುಗಳಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುತ್ತಿದ್ದ ಕಾಲದಲ್ಲಿ ಹೊರಬಂದ ಲಾವಾ ತಣಿದು ಕುಗ್ಗುವಾಗ ಬಿರುಕುಬಿಟ್ಟು ಈ ಕಂಬಗಳಾದವು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮಾತೆ ಮರಿಯಮ್ಮನವರ ಹೆಸರಿಟ್ಟನೆಂದು ಹೇಳುತ್ತಾರೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಲ್ಲು ತರುವ ಹಾಗಿಲ್ಲ, ಮುಟ್ಟಿ ನೋಡಬಹುದು. ಉತ್ತರಕ್ಕೆ ಬೆಳಗಾವಿ ಕಡೆ ಹೋದರೆ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖ್ಖನ್ ಲಾವಾ ಹಾಸು ಸಿಗುತ್ತದೆ. ಅಂದರೆ ನಮ್ಮ ಜಿಲ್ಲೆಯ ಎರಡೂ ಕಡೆ ಹಿಂದೊಮ್ಮೆ ಲಾವಾ ಹರಿದಿದೆ. ಈಗ ಎರಡೂ ತಣ್ಣಗಿವೆ.

ನಮ್ಮ ದೇಶದಲ್ಲಿ ಈಗಲೂ ಉಗುಳುವ ಜ್ವಾಲಾಮುಖಿ ಒಂದೇ: ಅಂಡಮಾನಿನ ಬ್ಯಾರನ್ ದ್ವೀಪ. 1787ರಲ್ಲಿ ಅದು ಉಗುಳಿದ್ದನ್ನು ಮೊದಲು ದಾಖಲಿಸಿದರು. ಬಹುಕಾಲ ಮಲಗಿದ್ದು 1991ರಲ್ಲಿ ಮತ್ತೆ ಎದ್ದಿತು. 2017ರ ಜನವರಿಯಲ್ಲಿ ನಮ್ಮ ಪಕ್ಕದ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹಡಗಿನಿಂದ ಅದು ಬೂದಿ ಉಗುಳುವುದನ್ನು ಕಣ್ಣಾರೆ ಕಂಡರು. ಅಲ್ಲಿ ಜನವಸತಿ ಇಲ್ಲ. ಅಲ್ಲಿ ಭಾರತದ ಭೂಫಲಕ ಪಕ್ಕದ ಫಲಕದ ಕೆಳಗೆ ಜಾರುತ್ತಿದೆ. ಅದರ ಜೊತೆ ಒಳಗೆ ಹೋದ ಸಮುದ್ರದ ನೀರು ಬಿಸಿ ಬಂಡೆಗೆ ಸೇರಿ, ಬಂಡೆ ಬೇಗ ಕರಗುತ್ತದೆ.

4. ಕೈಯಿಂದ ಮಾಡುವ ಐದು ಚಟುವಟಿಕೆಗಳು

ಸಾಮಾನುಗಳೆಲ್ಲ ಅಡಿಗೆಮನೆಯಲ್ಲಿ, ಅಂಗಳದಲ್ಲಿ ಸಿಗುವಂಥವು. ಒಂದೇ ದಿನ ಎಲ್ಲವನ್ನೂ ಮಾಡಬೇಡಿ. ದಿನಕ್ಕೊಂದು ಸಾಕು.

ಚಟುವಟಿಕೆ 1: ಭೂಮಿಯ ಪದರ. ಬೇಯಿಸಿದ ಮೊಟ್ಟೆಯನ್ನು ಮೆಲ್ಲನೆ ಮೇಜಿಗೆ ತಟ್ಟಿ ಚಿಪ್ಪು ಬಿರುಕು ಬಿಡಿಸಿ. ಮಗು ಬೆರಳಿನಿಂದ ಬಿರುಕುಗಳನ್ನು ಸವರಲಿ. ಇವೇ ಭೂಫಲಕಗಳು. ಒಂದು ಚೂರನ್ನು ಒತ್ತಿದರೆ ಪಕ್ಕದ ಚೂರಿನ ಕೆಳಗೆ ಜಾರುತ್ತದೆ. ನಂತರ ಅರ್ಧಕ್ಕೆ ಕತ್ತರಿಸಿ ಬಿಳಿ, ಹಳದಿ ಭಾಗ ಮುಟ್ಟಿಸಿ. ಮೊಟ್ಟೆ ಮುಟ್ಟದ ಮನೆಯ ಮಕ್ಕಳಿದ್ದರೆ ತೆಂಗಿನಕಾಯಿ ಆಗುತ್ತದೆ: ಕರಟ, ಕಾಯಿ, ಒಳಗಿನ ಟೊಳ್ಳು. ಆದರೆ ಭೂಮಿಯ ಒಳಗೆ ಟೊಳ್ಳಿಲ್ಲ ಎಂದು ಸೇರಿಸಿ ಹೇಳಿ.

ಚಟುವಟಿಕೆ 2: ಒತ್ತಡ. ಗಂಜಿ ಬೇಯುವಾಗ ಪಾತ್ರೆಯ ಮುಚ್ಚಳ ಕುಣಿಯುತ್ತದಲ್ಲ, ಅದೇ ಪಾಠ. ದೊಡ್ಡವರೊಬ್ಬರು ಒಲೆಯ ಹತ್ತಿರ ನಿಲ್ಲಲಿ. ಉದ್ದ ಕೈಯ ಮರದ ಸೌಟಿನ ತುದಿಯನ್ನು ಮುಚ್ಚಳಕ್ಕೆ ತಾಗಿಸಿ, ಇನ್ನೊಂದು ತುದಿಯನ್ನು ಮಗು ಹಿಡಿಯಲಿ. ಮುಚ್ಚಳ ಕುಣಿಯುವುದು ಕೈಗೆ ತಿಳಿಯುತ್ತದೆ. ಕಾಣದ ಮಗುವಿಗೂ ಕೇಳದ ಮಗುವಿಗೂ ಇದು ಒಂದೇ ರೀತಿ ಅರ್ಥವಾಗುತ್ತದೆ. ಇನ್ನು ಅನಿಲದ ಗುಳ್ಳೆ ತೋರಿಸಲು ಸೋಡಾ ಬಾಟಲಿ ಸಾಕು. ಮುಚ್ಚಿದ್ದಾಗ ಗುಳ್ಳೆ ಇಲ್ಲ, ತೆರೆದ ಕೂಡಲೇ ಬುಸ್ಸೆಂದು ಬರುತ್ತದೆ.

ಚಟುವಟಿಕೆ 3: ತೆಳು ಲಾವಾ, ಮಂದ ಲಾವಾ. ಒಂದು ಹಲಗೆಯನ್ನು ಓರೆಯಾಗಿ ಇಡಿ. ಒಂದು ಕಡೆ ನೀರು, ಇನ್ನೊಂದು ಕಡೆ ಜೋನಿ ಬೆಲ್ಲ ಸುರಿಯಿರಿ. ಯಾವುದು ಮೊದಲು ಕೆಳಗೆ ಮುಟ್ಟುತ್ತದೆ? ಮತ್ತೆ ಜೋನಿ ಬೆಲ್ಲವನ್ನು ಸ್ವಲ್ಪ ಉಗುರುಬೆಚ್ಚಗೆ ಮಾಡಿ ಸುರಿದರೆ ಏನಾಗುತ್ತದೆ? ಹಲಗೆಯ ಕೆಳತುದಿಯಲ್ಲಿ ಮಗು ಬೆರಳಿಟ್ಟು ಕಾಯಲಿ. ಬಂದು ಮುಟ್ಟಿದಾಗ ಎಲ್ಲರೂ ಎಣಿಕೆ ನಿಲ್ಲಿಸಿ. ಎಣಿಕೆಯ ಪಾಠವೂ ಆಯಿತು, ಕೊನೆಗೆ ನೆಕ್ಕಿದರೆ ಬಾಯಿಗೆ ಸಿಹಿಯೂ ಆಯಿತು.

ಚಟುವಟಿಕೆ 4: ಉಕ್ಕುವ ಗುಡ್ಡ. ಒದ್ದೆ ಹೊಯ್ಗೆ ಅಥವಾ ಗದ್ದೆಯ ಮಣ್ಣಿನಿಂದ ಗುಡ್ಡ ಮಾಡಿ, ನಡುವೆ ಸಣ್ಣ ಬಾಟಲಿ ಹುಗಿಯಿರಿ. ಬಾಟಲಿಗೆ ಎರಡು ಚಮಚ ಅಡಿಗೆ ಸೋಡಾ ಹಾಕಿ. ಮೇಲಿನಿಂದ ವಿನೆಗರ್ ಅಥವಾ ಲಿಂಬೆ ರಸ ಹೊಯ್ಯಿರಿ. ನಮ್ಮ ಕಡೆಯ ಮುರುಗಲು ರಸವೂ ಹುಳಿಯೇ, ಅದರಲ್ಲೂ ನೊರೆ ಬರುತ್ತದೆ, ಬಣ್ಣ ಬದಲಾಗುವುದನ್ನೂ ನೋಡಬಹುದು. ನೊರೆಗೆ ಸ್ವಲ್ಪ ಸಾಬೂನು ನೀರು ಸೇರಿಸಿದರೆ ಹೆಚ್ಚು ಹೊತ್ತು ಉಕ್ಕುತ್ತದೆ. ಕೈಯಲ್ಲಿ ಗಾಯವಿದ್ದರೆ ರಸ ಉರಿಯುತ್ತದೆ, ಮೊದಲು ನೋಡಿಕೊಳ್ಳಿ. ಬಾಟಲಿಯ ಬಾಯಿ ಎಂದೂ ಮುಚ್ಚಬೇಡಿ.

ಇಲ್ಲಿ ಒಂದು ಮಾತು ಮುಖ್ಯ. ಈ ನೊರೆ ತಣ್ಣಗಿದೆ. ನಿಜವಾದ ಲಾವಾ ಸುಡುತ್ತದೆ, ಅದರೊಳಗೆ ಸೋಡಾ ಇಲ್ಲ. "ಇದು ಆಟದ ಗುಡ್ಡ, ಅದು ನಿಜದ ಗುಡ್ಡ" ಎಂದು ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ಹೇಳಿ. ಬುದ್ಧಿಮಾಂದ್ಯತೆ ಇರುವ ಮಗು ಆಡಿದ್ದನ್ನೇ ನಿಜ ಎಂದುಕೊಳ್ಳಬಹುದು. ಬಿಸಿಯಾದದ್ದನ್ನೂ ಹೀಗೇ ಮುಟ್ಟಬಹುದು ಎಂದು ತಿಳಿದರೆ ಅಪಾಯ.

ಕೆಲವು ಶಾಲೆಗಳ ವಿಜ್ಞಾನ ಪ್ರದರ್ಶನದಲ್ಲಿ ಕಿತ್ತಳೆ ಬಣ್ಣದ ಅಮೋನಿಯಂ ಡೈಕ್ರೋಮೇಟ್ ಪುಡಿಗೆ ಬೆಂಕಿ ಹಚ್ಚಿ ಜ್ವಾಲಾಮುಖಿ ತೋರಿಸುವುದುಂಟು. ದಯವಿಟ್ಟು ಬೇಡ. ಆ ಪುಡಿ ವಿಷಕಾರಿ, ಕ್ಯಾನ್ಸರಿಗೂ ಕಾರಣವಾಗಬಲ್ಲದು. ಮುಟ್ಟಿ ಕಲಿಯುವ, ಕೈ ಬಾಯಿಗೆ ಹಾಕುವ ಮಕ್ಕಳ ಹತ್ತಿರ ಅದು ಇರಲೇಬಾರದು.

ಚಟುವಟಿಕೆ 5: ಮುಟ್ಟುವ ಚಿತ್ರ. ಗಟ್ಟಿ ರಟ್ಟಿನ ಮೇಲೆ ಜ್ವಾಲಾಮುಖಿಯನ್ನು ಅರ್ಧ ಸೀಳಿದಂತೆ ಬರೆಯಿರಿ. ಗುಡ್ಡಕ್ಕೆ ಹೊಯ್ಗೆ, ಒಳಗಿನ ಕೊಳವೆಗೆ ದಪ್ಪ ಹುರಿ, ಲಾವಾಕ್ಕೆ ಉಣ್ಣೆಯ ನೂಲು, ಹೊಗೆಗೆ ಹತ್ತಿ, ಬೂದಿಗೆ ಭತ್ತದ ಹೊಟ್ಟು ಅಂಟಿಸಿ. ಪ್ರತಿ ಭಾಗದ ಪಕ್ಕ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು, ಬ್ರೈಲ್ ಬಲ್ಲವರಿಂದ ಬ್ರೈಲ್ ಚೀಟಿಯನ್ನೂ ಹಚ್ಚಿಸಿ. ಒಂದೇ ರಟ್ಟಿನಲ್ಲಿ ತುಂಬಾ ಸಂಗತಿ ತುರುಕಬೇಡಿ. ಬೆರಳಿಗೆ ಕಾಣುವುದು ಒಂದೊಂದಾಗಿ, ಕಣ್ಣಿಗೆ ಕಂಡಂತೆ ಒಟ್ಟಿಗೆ ಅಲ್ಲ.

5. ಯಾವ ಮಗುವಿಗೆ ಹೇಗೆ?

ನೋಟದ ತೊಂದರೆಯ ಮಗು: ಮಗುವಿನ ಕೈಯನ್ನು ಹಿಡಿದೆಳೆದು ಮುಟ್ಟಿಸಬೇಡಿ. ನಿಮ್ಮ ಕೈ ಕೆಳಗಿರಲಿ, ಮಗುವಿನ ಕೈ ನಿಮ್ಮ ಕೈಯ ಮೇಲಿರಲಿ. ಏನು ಮುಟ್ಟಲಿದೆ ಎಂದು ಮೊದಲೇ ಹೇಳಿ. "ಇಲ್ಲಿ, ಅಲ್ಲಿ" ಎನ್ನುವ ಬದಲು "ನಿನ್ನ ಎಡಗೈ ಹತ್ತಿರ" ಎನ್ನಿ. ಸ್ವಲ್ಪ ದೃಷ್ಟಿ ಇರುವ ಮಗುವಿಗೆ ಕಪ್ಪು ಹಾಳೆಯ ಮೇಲೆ ಹಳದಿ ಬಣ್ಣ ಚೆನ್ನಾಗಿ ಕಾಣುತ್ತದೆ.

ಕೇಳುವ ತೊಂದರೆಯ ಮಗು: ಕೈ ಕೆಲಸ ಮಾಡಿಸುತ್ತಲೇ ವಿವರಣೆ ಕೊಡಬೇಡಿ. ಕಣ್ಣು ಗುಡ್ಡದ ಮೇಲಿದ್ದರೆ ನಿಮ್ಮ ಕೈಸನ್ನೆ, ತುಟಿ ಕಾಣುವುದಿಲ್ಲ. ಮೊದಲು ಹೇಳಿ, ನಿಲ್ಲಿಸಿ, ಆಮೇಲೆ ಮಾಡಿಸಿ. ಬೆಳಕಿಗೆ ಮುಖ ಮಾಡಿ ನಿಲ್ಲಿ.

ಕೈಕಾಲಿನ ತೊಂದರೆ, ಮೆದುಳಿನ ಪಾರ್ಶ್ವವಾಯು ಇರುವ ಮಗು: ಮಗು ನೆಲಕ್ಕೆ ಬರುವ ಬದಲು ಗುಡ್ಡವನ್ನು ಮಗುವಿನ ಎತ್ತರಕ್ಕೆ ತನ್ನಿ. ಚಮಚಕ್ಕೆ ಬಟ್ಟೆ ಸುತ್ತಿ ಹಿಡಿ ದಪ್ಪ ಮಾಡಿ. ವಿನೆಗರನ್ನು ಒತ್ತಿದರೆ ಹರಿಯುವ ಮೆತ್ತನೆಯ ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿ. ಕೈಯೇ ಆಡದಿದ್ದರೆ, ಯಾವಾಗ ಹೊಯ್ಯಬೇಕು ಎಂದು ಆಜ್ಞೆ ಕೊಡುವ ಕೆಲಸ ಆ ಮಗುವಿನದಾಗಲಿ: ಕಣ್ಣು ಮಿಟುಕಿಸಿ, ತಲೆ ಆಡಿಸಿ, ಗಂಟೆಯ ಗುಂಡಿ ಒತ್ತಿ. ಆ ಸನ್ನೆ ಬರುವವರೆಗೆ ಇಡೀ ತರಗತಿ ಕಾಯಬೇಕು.

ಆಟಿಸಂ ಇರುವ ಮಗು: ಒದ್ದೆ ಮಣ್ಣು, ಬುಸ್ಸೆಂಬ ಸದ್ದು ಅದಕ್ಕೆ ಹಿಂಸೆಯಾಗಬಹುದು. ಮುಂದೆ ಏನಾಗುತ್ತದೆ ಎಂದು ನಾಲ್ಕು ಚಿತ್ರದ ಚೀಟಿಗಳಲ್ಲಿ ಕ್ರಮವಾಗಿ ಮೊದಲೇ ತೋರಿಸಿ. ದೂರದಿಂದ ನೋಡುತ್ತೇನೆಂದರೆ ಬಿಡಿ. ನಾಳೆ ಒಂದು ಹೆಜ್ಜೆ ಹತ್ತಿರ ಬಂದೀತು.

ಬುದ್ಧಿಮಾಂದ್ಯತೆ ಇರುವ ಮಗು: ಮೂರು ಸಂಗತಿ ಸಾಕು. ನೆಲದ ಒಳಗೆ ಬಿಸಿ ಇದೆ. ಬಾಯಿ ಇರುವ ಕಡೆ ಅದು ಹೊರಗೆ ಬರುತ್ತದೆ. ಅಪಾಯ ಬಂದರೆ ದೊಡ್ಡವರ ಜೊತೆ ದೂರ ಹೋಗಬೇಕು. ಇದನ್ನೇ ಐದು ದಿನ ಐದು ರೀತಿಯಲ್ಲಿ ಹೇಳಿ.

ಭಾಷೆಯ ಮಾತೂ ಇದೆ. ನಮ್ಮ ಮೂರು ತಾಲೂಕುಗಳಲ್ಲಿ ಮನೆಯಲ್ಲಿ ಕೊಂಕಣಿ, ನವಾಯತಿ, ಉರ್ದು, ಹಾಲಕ್ಕಿಗಳ ಕನ್ನಡ ಆಡುವ ಮಕ್ಕಳಿದ್ದಾರೆ. ಪಾಠದ ಕನ್ನಡ ಅವರಿಗೆ ಎರಡನೇ ಭಾಷೆ. ಬಿಸಿ, ಬೂದಿ, ಗುಡ್ಡ, ಓಡು ಎಂಬ ನಾಲ್ಕು ಪದಗಳನ್ನಾದರೂ ಮನೆಮಾತಿನಲ್ಲಿ ಅಮ್ಮನಿಂದ ಹೇಳಿಸಿಕೊಳ್ಳಿ.

6. ಕೈಯಲ್ಲಿರುವ ಮೊಬೈಲೇ ಉಪಕರಣ

ತಂತ್ರಜ್ಞಾನ ಎಂದ ಕೂಡಲೇ ಸ್ಮಾರ್ಟ್ ಕ್ಲಾಸ್ ಬೇಕು ಎಂದೇನಿಲ್ಲ. ಒಂದು ಸ್ಮಾರ್ಟ್ ಫೋನ್, ಒಂದು ಸಣ್ಣ ಸ್ಪೀಕರ್ ಇದ್ದರೆ ಸಾಕು. ಆದರೆ ವಿಡಿಯೋ ಹಾಕಿಕೊಟ್ಟು ಮಗುವನ್ನು ಅದರ ಮುಂದೆ ಬಿಟ್ಟುಬಿಡುವುದು ಕಲಿಸಿದಂತಲ್ಲ.

ಸ್ಪೀಕರನ್ನು ಖಾಲಿ ತಗಡಿನ ಡಬ್ಬಿಯ ಮೇಲಿಟ್ಟು ಜ್ವಾಲಾಮುಖಿಯ ಗುಡುಗಿನ ಸದ್ದು ಹಾಕಿ. ಕೇಳದ ಮಗು ಡಬ್ಬಿಗೆ ಅಂಗೈ ಒತ್ತಿ ಹಿಡಿಯಲಿ, ಇಲ್ಲವೇ ಊದಿದ ಬಲೂನನ್ನು ಎದೆಗೆ ಹಿಡಿದು ಸ್ಪೀಕರಿನ ಹತ್ತಿರ ನಿಲ್ಲಲಿ. ನಡುಕ ಮೈಗೆ ತಿಳಿಯುತ್ತದೆ.

ಉಕ್ಕುವ ಗುಡ್ಡವನ್ನು ನಿಧಾನ ಚಲನೆಯಲ್ಲಿ ವಿಡಿಯೋ ಮಾಡಿ. ಬೇಗ ನಡೆದುಹೋದದ್ದನ್ನು ಹಿಡಿಯಲಾಗದ ಮಗು ಅದನ್ನು ಬೇಕಾದಷ್ಟು ಸಲ ನೋಡಬಹುದು. ತನ್ನದೇ ಕೈ ಪರದೆಯ ಮೇಲೆ ಕಂಡರೆ ಹಿಗ್ಗೋ ಹಿಗ್ಗು.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗಿನಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯವಿದೆ. ಪರದೆಯ ಮೇಲಿರುವುದನ್ನು ಕನ್ನಡದಲ್ಲೂ ಓದಿ ಹೇಳುತ್ತದೆ. ಕಂಪ್ಯೂಟರಿಗೆ ಎನ್.ವಿ.ಡಿ.ಎ. ಎಂಬ ಉಚಿತ ತಂತ್ರಾಂಶವಿದೆ. ಮಂದದೃಷ್ಟಿಯ ಮಗುವಿಗೆ ಫೋನಿನ ಕ್ಯಾಮೆರಾವೇ ಭೂತಗನ್ನಡಿ.

ಸಂಜ್ಞಾ ಭಾಷೆಗೆ ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾ ಭಾಷೆ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟು ವಿಡಿಯೋ ರೂಪದಲ್ಲಿ ಉಚಿತವಾಗಿ ಸಿಗುತ್ತದೆ. ಪಾಠಕ್ಕೆ ಬೇಕಾದ ಸಂಜ್ಞೆಗಳನ್ನು ಹಿಂದಿನ ದಿನವೇ ನೋಡಿ ಕಲಿತು, ತರಗತಿಯ ಎಲ್ಲ ಮಕ್ಕಳಿಗೂ ಕಲಿಸಿ. ಆಗ ಕೇಳದ ಮಗುವಿಗೆ ಮಾತಾಡಲು ಮೂವತ್ತು ಗೆಳೆಯರು ಸಿಗುತ್ತಾರೆ.

ಗೂಗಲ್ ಅರ್ಥ್‌ನಲ್ಲಿ ಮೊದಲು ನಿಮ್ಮ ಶಾಲೆ, ಆಮೇಲೆ ಮಲ್ಪೆ, ಆಮೇಲೆ ಬ್ಯಾರನ್ ದ್ವೀಪ ತೋರಿಸಿ. ದ್ವೀಪ ಎಷ್ಟು ದೂರ ಎಂದು ಮಗುವಿಗೇ ತಿಳಿಯುತ್ತದೆ. ಘಟ್ಟದ ಬುಡದ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವುದು ಕಷ್ಟ, ಪೇಟೆಯಲ್ಲಿದ್ದಾಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅಪಸ್ಮಾರ ಇರುವ ಮಗುವಿಗೆ ಬೆಳಕು ಮಿಂಚುವ ವಿಡಿಯೋ ತೋರಿಸಬೇಡಿ.

7. "ನಮ್ಮನೆ ಹಿಂದಿನ ಗುಡ್ಡವೂ ಹಂಗೇ ಒಡೀತದಾ?"

ಈ ಪಾಠ ಮಾಡಿದ ಮೇಲೆ ಯಾವುದಾದರೂ ಮಗು ಈ ಪ್ರಶ್ನೆ ಕೇಳಿಯೇ ಕೇಳುತ್ತದೆ. ಬಾಯಲ್ಲಿ ಕೇಳಲಾಗದ ಮಗು ರಾತ್ರಿ ಹೆದರಿ ಏಳಬಹುದು. ಉತ್ತರವನ್ನು ತಡಮಾಡದೆ ಕೊಡಬೇಕು. ನಮ್ಮ ಗುಡ್ಡಗಳು ಬೆಂಕಿ ಉಗುಳುವುದಿಲ್ಲ. ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ. ನಮ್ಮ ಗುಡ್ಡಗಳು ಮಳೆಗಾಲದಲ್ಲಿ ಕುಸಿಯುತ್ತವೆ.

2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಮನೆಯ ಮೇಲೆ ಕುಸಿದು ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದದ್ದನ್ನು ಇಡೀ ದೇಶ ನೋಡಿತು. ಆದ್ದರಿಂದ ಜ್ವಾಲಾಮುಖಿಯ ಪಾಠದ ಕೊನೆಯ ದಿನ ಗುಡ್ಡ ಕುಸಿತದ ಪಾಠ ಆಗಲೇಬೇಕು. ಅದೇ ಹೊಯ್ಗೆ ಗುಡ್ಡದ ಮೇಲೆ ಚೊಂಬಿನಿಂದ ನಿಧಾನವಾಗಿ ನೀರು ಹೊಯ್ಯಿರಿ. ಒಂದು ಗುಡ್ಡದ ಬುಡ ಕಡಿದಿರಲಿ, ಇನ್ನೊಂದು ಹಾಗೆಯೇ ಇರಲಿ. ಯಾವುದು ಮೊದಲು ಕುಸಿಯುತ್ತದೆಂದು ಮಗು ಕೈಯಿಟ್ಟು ತಿಳಿಯಲಿ.

ಎಚ್ಚರಿಕೆಯ ಗುರುತುಗಳನ್ನೂ ಹೇಳಿಕೊಡಿ: ನೆಲದಲ್ಲಿ, ಗೋಡೆಯಲ್ಲಿ ಹೊಸ ಬಿರುಕು, ಓರೆಯಾದ ಮರ ಅಥವಾ ಕರೆಂಟಿನ ಕಂಬ, ಒರತೆಯ ತಿಳಿನೀರು ಇದ್ದಕ್ಕಿದ್ದಂತೆ ಕೆಸರಾಗುವುದು, ಗುಡ್ಡದೊಳಗಿನಿಂದ ಸದ್ದು.

ಇಲ್ಲಿ ನಮ್ಮನ್ನು ಕಾಡುವ ಪ್ರಶ್ನೆ ಇದು. ಊರಲ್ಲಿ "ಓಡಿ" ಎಂದು ಕೂಗಿದಾಗ ಕೇಳದ ಮಗುವಿಗೆ ಯಾರು ಹೇಳುತ್ತಾರೆ? ಕಾಣದ ಮಗುವಿನ ಕೈಯನ್ನು ಯಾರು ಹಿಡಿಯುತ್ತಾರೆ? ನಡೆಯಲಾಗದ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ? ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ 1985ರ ನವೆಂಬರ್ 13ರ ರಾತ್ರಿ ನೆವಾಡೊ ಡೆಲ್ ರೂಯಿಸ್ ಎಂಬ ಜ್ವಾಲಾಮುಖಿ ಸಿಡಿಯಿತು. ತುದಿಯ ಹಿಮ ಕರಗಿ ಕೆಸರಿನ ಹೊಳೆಯಾಗಿ ಆರ್ಮೆರೊ ಪಟ್ಟಣವನ್ನು ಮುಚ್ಚಿತು. ಸುಮಾರು 23,000 ಜನ ಸತ್ತರು. ಅಪಾಯದ ನಕ್ಷೆ ಮೊದಲೇ ತಯಾರಾಗಿತ್ತು. ವಿಜ್ಞಾನಿಗಳಿಗೆ ತಿಳಿದಿದ್ದದ್ದು ಜನರಿಗೆ ಸರಿಯಾಗಿ ತಲುಪಲಿಲ್ಲ. ತಿಳುವಳಿಕೆ ಇದ್ದರೆ ಸಾಲದು, ಅದು ಕಟ್ಟಕಡೆಯವನಿಗೂ ಮುಟ್ಟಬೇಕು. ನಮ್ಮ ಊರುಗಳಲ್ಲಿ ಆ ಕಟ್ಟಕಡೆಯವರು ಬಹಳ ಸಲ ಈ ಮಕ್ಕಳೇ.

ಆದ್ದರಿಂದ ಪ್ರತಿ ಮಗುವಿಗೆ ಒಂದು ಎಚ್ಚರಿಕೆ ಗುರುತು ನಿಶ್ಚಯಿಸಿ: ಕೇಳದ ಮಗುವಿಗೆ ಭುಜಕ್ಕೆ ಮೂರು ಸಲ ತಟ್ಟುವುದು ಅಥವಾ ಟಾರ್ಚ್ ಮಿಂಚಿಸುವುದು, ಆಟಿಸಂ ಇರುವ ಮಗುವಿಗೆ ಕೆಂಪು ಚೀಟಿ, ಕಾಣದ ಮಗುವಿಗೆ ಒಬ್ಬ ಗೊತ್ತಾದ ಜೊತೆಗಾರ. ಶಾಲೆಯಲ್ಲಿ ತಿಂಗಳಿಗೊಮ್ಮೆ ಅಭ್ಯಾಸ ಮಾಡಿಸಿ. ತುರ್ತು ಸಂಖ್ಯೆ 112 ಒತ್ತುವುದನ್ನು ಆಗಬಲ್ಲ ಮಕ್ಕಳಿಗೆಲ್ಲ ಕಲಿಸಿ.

8. ಮಗು ಕಲಿತಿತೇ ಎಂದು ತಿಳಿಯುವುದು ಹೇಗೆ?

ಬರೆಯುವ ಪರೀಕ್ಷೆಯೊಂದೇ ದಾರಿಯಲ್ಲ. ನಾಲ್ಕು ಚಿತ್ರಗಳನ್ನು ಕ್ರಮವಾಗಿ ಜೋಡಿಸುವುದು, ಮುಟ್ಟುವ ಚಿತ್ರದಲ್ಲಿ ಲಾವಾ ಎಲ್ಲಿದೆ ಎಂದು ತೋರಿಸುವುದು, ಸಂಜ್ಞೆಯಲ್ಲಿ ಹೇಳುವುದು, ಫೋನಿನಲ್ಲಿ ಧ್ವನಿ ಮುದ್ರಿಸುವುದು, ಹೌದು-ಅಲ್ಲ ಎಂದು ಕಣ್ಣಿನಲ್ಲೇ ಉತ್ತರಿಸುವುದು, ಎಲ್ಲವೂ ಉತ್ತರವೇ. ಹಿಂದಿನ ವಾರ ಈ ಮಗುವಿಗೆ ಏನು ಬರುತ್ತಿತ್ತು, ಈ ವಾರ ಏನು ಬರುತ್ತದೆ ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಪಕ್ಕದ ಮಗುವಿನ ಜೊತೆ ಹೋಲಿಸಬೇಡಿ. "ಪಾಪ, ಅವನಿಗೆ ಬರುವುದಿಲ್ಲ" ಎಂದು ಮಗುವಿನ ಎದುರಿಗೆ ಎಂದೂ ಹೇಳಬೇಡಿ.

9. ಪಾಲಕರು, ಸಂಘದವರು ಏನು ಮಾಡಬಹುದು?

ಶಾಲೆಗೆ ಹೋಗಲಾಗದೆ ಮನೆಯಲ್ಲೇ ಇರುವ ಮಗುವಿಗೆ ಈ ಐದೂ ಚಟುವಟಿಕೆಗಳು ಜಗಲಿಯ ಮೇಲೆ ಆಗುತ್ತವೆ. ಅಣ್ಣ, ಅಕ್ಕ, ಪಕ್ಕದ ಮನೆಯ ಮಕ್ಕಳು ಸೇರಲಿ. ಸಂಘದ ಸದಸ್ಯೆಯರು ಒಂದು ಮುಟ್ಟುವ ಚಿತ್ರವನ್ನು ಮಾಡಿ ಹತ್ತಿರದ ಶಾಲೆಗೆ, ಅಂಗನವಾಡಿಗೆ ಕೊಡಬಹುದು. ಮಗುವಿಗೆ ಯು.ಡಿ.ಐ.ಡಿ. ಕಾರ್ಡ್ ಆಗಿಲ್ಲದಿದ್ದರೆ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಅರ್ಜಿ ಹಾಕಿಸಿ.

ಕೊನೆಯ ಮಾತು

ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲ, ಇವನದೋ ಇವನ ತಂದೆತಾಯಿಯದೋ ಎಂದು ಯೇಸುವನ್ನು ಕೇಳಿದರೆಂದು ಸಂತ ಯೊವಾನ್ನರ ಶುಭಸಂದೇಶದಲ್ಲಿದೆ. ಇಬ್ಬರದೂ ಅಲ್ಲ ಎಂಬುದೇ ಪ್ರಭುವಿನ ಉತ್ತರ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಆ ಪ್ರಶ್ನೆ ಕೇಳುವವರಿದ್ದಾರೆ, ತಾಯಂದಿರು ಅದನ್ನು ಕೇಳಿ ಕಣ್ಣೀರು ಹಾಕುತ್ತಾರೆ. ಸಂತ ಮಾರ್ಕರ ಶುಭಸಂದೇಶದಲ್ಲಿ ಕಿವುಡನೊಬ್ಬನ ಬಳಿ ಪ್ರಭು ನಡೆದುಕೊಂಡ ರೀತಿಯನ್ನು ನೋಡಿ. ಜನಜಂಗುಳಿಯಿಂದ ಅವನನ್ನು ಪಕ್ಕಕ್ಕೆ ಕರೆದೊಯ್ದು, ಅವನ ಕಿವಿಯನ್ನು ಮುಟ್ಟಿ, ನಾಲಿಗೆಯನ್ನು ಮುಟ್ಟಿ, ಅವನಿಗೆ ತಿಳಿಯುವ ಭಾಷೆಯಲ್ಲಿ ಮಾತಾಡಿದರು. ಒಬ್ಬನಿಗಾಗಿ ಸಮಯ ಕೊಟ್ಟರು. ನಾವು ಮಾಡಬೇಕಾದದ್ದೂ ಅಷ್ಟೇ.

ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಶಾಲೆಗೆ ಹೋಗದ ವಿಕಲಚೇತನ ಮಕ್ಕಳು ಎಷ್ಟು ಜನ? ಶಾಲೆಗೆ ಹೋದರೂ ಪಾಠದಲ್ಲಿ ಪಾಲಿಲ್ಲದವರು ಯಾರು?

2. ಈ ಮಳೆಗಾಲದಲ್ಲಿ ಗುಡ್ಡ ಅಥವಾ ನೆರೆಯ ಅಪಾಯ ಬಂದರೆ, ಅವರಲ್ಲಿ ಪ್ರತಿಯೊಬ್ಬರ ಜವಾಬ್ದಾರಿ ಯಾರದು? ಹೆಸರು ಬರೆಯಿರಿ.

3. ಈ ಐದು ಚಟುವಟಿಕೆಗಳಲ್ಲಿ ಯಾವುದನ್ನು ಬರುವ ವಾರ, ಯಾರ ಮನೆಯ ಜಗಲಿಯಲ್ಲಿ ಮಾಡೋಣ?